ವೈ-ಫೈ ಮಾತ್ರ ಇರುವ ಟ್ಯಾಬ್ಲೆಟ್‌ಗೆ ಸಿಮ್ ಸಂಪರ್ಕ: ಒಳಗೆ ಕೂರಿಸಬೇಕೆ, ಹೊರಗೆ ಇಡಬೇಕೆ?

ಪ್ರಶ್ನೆ: ಕಟ್ಟಡಗಳನ್ನು ಪರಿಶೀಲಿಸಿ, ಅಳತೆ ಮತ್ತು ಛಾಯಾಚಿತ್ರಗಳೊಂದಿಗೆ ವರದಿ ಕಳುಹಿಸುವುದು ನನ್ನ ಉದ್ಯೋಗ. ಮೂರು ವರ್ಷಗಳಿಂದ ವೈ-ಫೈ ಮಾತ್ರ ಇರುವ ಹತ್ತು ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್ ಬಳಸುತ್ತಿದ್ದೇನೆ. ಅದು ಇನ್ನೂ ಚೆನ್ನಾಗಿಯೇ ಇದೆ. ಸ್ಥಳದಲ್ಲಿ ಇಂಟರ್ನೆಟ್ ಬೇಕಾದಾಗ ಫೋನಿನ ಹಾಟ್‌ಸ್ಪಾಟ್ ಹಾಕುತ್ತೇನೆ. ಆದರೆ ಮಧ್ಯಾಹ್ನದ ಹೊತ್ತಿಗೆ ಫೋನಿನ ಬ್ಯಾಟರಿ ಮುಗಿದಿರುತ್ತದೆ, ಸ್ವಲ್ಪ ಹೊತ್ತು ಟ್ಯಾಬ್ಲೆಟ್ ಮುಟ್ಟದಿದ್ದರೆ ಸಂಪರ್ಕವೂ ತಪ್ಪಿಹೋಗುತ್ತದೆ. ಬೇಸತ್ತು, ಬಹಳ ಹಿಂದೆ ಕೊಂಡಿದ್ದ ಯುಎಸ್‌ಬಿ ಡಾಂಗಲ್ ಒಂದನ್ನು ಒಟಿಜಿ ಕೇಬಲ್ (ಟ್ಯಾಬ್ಲೆಟ್ಟಿಗೆ ಯುಎಸ್‌ಬಿ ಸಾಧನಗಳನ್ನು ಸೇರಿಸುವ ತಂತಿ) ಮೂಲಕ ಜೋಡಿಸಿ, ಅದರಲ್ಲಿ ಸಿಮ್ ಹಾಕಿದೆ. ಪೇಟೆಯೊಳಗೆ ಅದು ಸರಿಯಾಗಿ ನಡೆಯುತ್ತದೆ; ಊರ ಹೊರಗಿನ ಕಟ್ಟಡಗಳ ಬಳಿ ಫೋಟೊ ಕಳುಹಿಸಲು ಹೊರಟರೆ ಅದರ ದೀಪ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಟ್ಯಾಬ್ಲೆಟ್ಟನ್ನು ಎರಡು ಬಾರಿ ಫ್ಯಾಕ್ಟರಿ ರೀಸೆಟ್ ಮಾಡಿದ್ದೂ ಆಯಿತು. ರಿಪೇರಿ ಮಾಡುವವರೊಬ್ಬರು ಟ್ಯಾಬ್ಲೆಟ್ಟಿನ ಅಂಚಿನಲ್ಲಿ ಪ್ಲಾಸ್ಟಿಕ್‌ನಿಂದ ಮುಚ್ಚಿರುವ ಸಿಮ್ ಆಕಾರದ ಕಿಂಡಿಯನ್ನು ತೋರಿಸಿ, ಒಳಗೆ ಮೊಬೈಲ್ ಜಾಲ ಹಿಡಿಯುವ ಮೋಡೆಮ್ ಬೋರ್ಡ್ ಕೂರಿಸಿಕೊಡುತ್ತೇನೆ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಅಷ್ಟೆಲ್ಲ ಬೇಡ, ಇ-ಸಿಮ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು ಎನ್ನುತ್ತಾರೆ. ನಕ್ಷೆಯಲ್ಲಿ ನಾನಿರುವ ಜಾಗವೂ ತಪ್ಪಾಗಿ ತೋರುತ್ತದೆ. ಸಿಮ್ ಬಂದರೆ ಅದೂ ಸರಿಹೋಗುತ್ತದೆಯೆ? ಹೊಸ ಟ್ಯಾಬ್ಲೆಟ್ ಕೊಳ್ಳದೆ ಈ ತೊಂದರೆಯಿಂದ ಪಾರಾಗುವ ದಾರಿ ಇದೆಯೆ?

ಉತ್ತರ: ದಾರಿ ಇದೆ, ಆದರೆ ಅದು ಟ್ಯಾಬ್ಲೆಟ್ಟಿನ ಒಳಗಿಲ್ಲ. ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಒಂದೇ ಗಂಟಿನಲ್ಲಿ ಕಟ್ಟಿಕೊಂಡಿವೆ: ಹಾಟ್‌ಸ್ಪಾಟ್ ತಪ್ಪುವುದು, ಡಾಂಗಲ್ ಆರುವುದು, ಒಳಗೆ ಬೋರ್ಡ್ ಕೂರಿಸುವ ಆಮಿಷ, ಮತ್ತು ನಕ್ಷೆಯಲ್ಲಿ ಜಾಗ ತಪ್ಪುವುದು. ಇವುಗಳಲ್ಲಿ ಮೊದಲ ಎರಡಕ್ಕೆ ಸಿಮ್ ಇರುವಿಕೆಗಿಂತ ವಿದ್ಯುತ್ತು ಮುಖ್ಯ ಕಾರಣ. ಮೊಬೈಲ್ ಜಾಲದೊಂದಿಗೆ ಮಾತನಾಡುವ ರೇಡಿಯೊ ಹಸಿದ ಪ್ರಾಣಿ. ಅದಕ್ಕೆ ಯಾವ ಬ್ಯಾಟರಿ ಉಣಿಸಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಯಾವ ಉಪಕರಣ ಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಹಲವು ವರ್ಷ ಇಂತಹ ಸಾಧನಗಳ ರೇಡಿಯೊ ಭಾಗವನ್ನು ಪರೀಕ್ಷಿಸುವ ಮತ್ತು ದುರಸ್ತಿ ಮಾಡುವ ಕೆಲಸದಲ್ಲಿದ್ದವನಾಗಿ ಹೇಳುವುದಾದರೆ, ನನ್ನ ಮೇಜಿನ ಮೇಲೆ ಬಂದ ದೂರುಗಳಲ್ಲಿ ಬಹಳಷ್ಟು ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳದೆ ಕೊಂಡ ವಸ್ತುಗಳವೇ ಆಗಿದ್ದವು.

ರಿಪೇರಿಯವರು ತೋರಿಸಿದ ಕಿಂಡಿಯಿಂದಲೇ ಆರಂಭಿಸೋಣ, ಏಕೆಂದರೆ ಹಣ ಮತ್ತು ಟ್ಯಾಬ್ಲೆಟ್ ಎರಡನ್ನೂ ಕಳೆದುಕೊಳ್ಳುವ ಅಪಾಯ ಇರುವುದು ಅಲ್ಲಿ. ತಯಾರಕರು ಒಂದೇ ಮಾದರಿಯನ್ನು ವೈ-ಫೈ ಮಾತ್ರ ಇರುವ ರೂಪದಲ್ಲಿಯೂ ಸಿಮ್ ಇರುವ ರೂಪದಲ್ಲಿಯೂ ಮಾರುವಾಗ, ಹೊರಕವಚದ ಅಚ್ಚನ್ನು ಎರಡೆರಡು ಬಾರಿ ಮಾಡಿಸುವ ಖರ್ಚನ್ನು ತಪ್ಪಿಸಲು ಕೆಲವೊಮ್ಮೆ ಒಂದೇ ಅಚ್ಚನ್ನು ಬಳಸಿ, ಬೇಡದ ಕಿಂಡಿಯನ್ನು ಮುಚ್ಚಿಬಿಡುತ್ತಾರೆ. ಆದ್ದರಿಂದ ಕಿಂಡಿ ಇರುವುದು ಮೋಡೆಮ್ ಇರುವುದಕ್ಕೆ ಸಾಕ್ಷಿಯಲ್ಲ. ಮುಚ್ಚಳ ತೆಗೆದು ನೋಡಿದರೆ, ಸರ್ಕ್ಯೂಟ್ ಬೋರ್ಡಿನ ಮೇಲೆ ಮೋಡೆಮ್ ಭಾಗಕ್ಕೆಂದು ಬಿಟ್ಟ ಜಾಗ ಬರಿದಾಗಿರುತ್ತದೆ, ಇಲ್ಲವೆ ಬೋರ್ಡೇ ಬೇರೆಯದಾಗಿರುತ್ತದೆ.

ಆ ಬರಿದಾದ ಜಾಗದಲ್ಲಿ ಬೆಸುಗೆ ಹಾಕಿ ತುಂಬಬೇಕಾದ್ದು ಒಂದು ಚಿಪ್ ಅಲ್ಲ. ಜಾಲದೊಂದಿಗೆ ವ್ಯವಹರಿಸುವ ಬೇಸ್‌ಬ್ಯಾಂಡ್, ಅದರ ಮಾತನ್ನು ರೇಡಿಯೊ ತರಂಗವಾಗಿಸುವ ಟ್ರಾನ್ಸಿವರ್, ತರಂಗಕ್ಕೆ ಬಲ ಕೊಡುವ ಪವರ್ ಆಂಪ್ಲಿಫಯರ್, ಬೇಡದ ತರಂಗಗಳನ್ನು ಸೋಸುವ ಫಿಲ್ಟರ್‌ಗಳ ಸಾಲು, ಇವಕ್ಕೆಲ್ಲ ಬೇರೆ ಬೇರೆ ವೋಲ್ಟೇಜ್ ಒದಗಿಸುವ ಸರ್ಕ್ಯೂಟ್, ಕಾರ್ಖಾನೆಯಲ್ಲಿ ಪ್ರತಿಯೊಂದು ಸಾಧನವನ್ನೂ ಅಳೆದು ಬರೆದಿಟ್ಟ ಹೊಂದಾಣಿಕೆಯ ಅಂಕಿಗಳು, ಮತ್ತು ಜಾಲ ಆ ಸಾಧನವನ್ನು ಗುರುತಿಸುವ 15 ಅಂಕಿಗಳ ಐಎಂಇಐ ಸಂಖ್ಯೆ ಇಷ್ಟೂ ಸೇರಿದಾಗ ಅದು ಮೋಡೆಮ್ ಆಗುತ್ತದೆ. ಇದರ ಮೇಲೆ ಸಾಧನದ ತಂತ್ರಾಂಶವೂ ಆ ಮೋಡೆಮ್‌ನೊಂದಿಗೆ ಮಾತನಾಡುವ ಭಾಗವನ್ನು ಹೊಂದಿರಬೇಕು. ವೈ-ಫೈ ಮಾದರಿಯ ತಂತ್ರಾಂಶದಲ್ಲಿ ಅದನ್ನು ಸಾಮಾನ್ಯವಾಗಿ ಸೇರಿಸಿಯೇ ಇರುವುದಿಲ್ಲ.

ಇವೆಲ್ಲವನ್ನೂ ಹೇಗೋ ಹೊಂದಿಸಿದರೂ ಆಂಟೆನಾ ಉಳಿಯುತ್ತದೆ, ಮತ್ತು ಈ ವಿಷಯದಲ್ಲಿ ನಿಸರ್ಗದೊಂದಿಗೆ ಚೌಕಾಸಿ ನಡೆಯುವುದಿಲ್ಲ. ಆಂಟೆನಾದ ಅಳತೆ ತರಂಗದ ಉದ್ದವನ್ನು ಅನುಸರಿಸುತ್ತದೆ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್, ಅದರ ಕಾಲು ಭಾಗ ಮೂರು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಮೊಬೈಲ್ ಜಾಲಗಳು ದೂರ ತಲುಪಲೆಂದು ಬಳಸುವ 700 ಮೆಗಾಹರ್ಟ್ಸ್‌ನಲ್ಲಿ ಅದೇ ಉದ್ದ ಸುಮಾರು 43 ಸೆಂಟಿಮೀಟರ್, ಕಾಲು ಭಾಗವೆಂದರೆ ಸುಮಾರು 10.7 ಸೆಂಟಿಮೀಟರ್. ಮಡಚಿ, ಸುತ್ತಿಸಿ, ಬೇರೆ ಬೇರೆ ವಸ್ತುಗಳ ಮೇಲೆ ಮುದ್ರಿಸಿ ಇದನ್ನು ಚಿಕ್ಕದಾಗಿಸುವ ಕೌಶಲ ವಿನ್ಯಾಸಕರಿಗೆ ಇದೆಯಾದರೂ, ವೈ-ಫೈ ಆಂಟೆನಾಕ್ಕೆ ತಂತಿ ಸುತ್ತಿ ಅದರಿಂದಲೇ ಮೊಬೈಲ್ ಜಾಲವನ್ನೂ ಹಿಡಿಯುತ್ತೇನೆ ಎನ್ನುವವರ ಮಾತನ್ನು ನಂಬಬೇಡಿ. 4ಜಿ ಸಾಧನಗಳಿಗೆ ಸಾಮಾನ್ಯವಾಗಿ ಸಂಕೇತ ಸ್ವೀಕರಿಸಲು ಒಂದಲ್ಲ, ಎರಡು ಆಂಟೆನಾಗಳು ಬೇಕು, ಅವೂ ಒಂದಕ್ಕೊಂದು ಅಡ್ಡಿಯಾಗದಷ್ಟು ದೂರದಲ್ಲಿರಬೇಕು. ಲೋಹದ ಹಿಂಬದಿ ತರಂಗವನ್ನು ತಡೆಯುತ್ತದೆ. 2010ರಲ್ಲಿ ಬಂದ ಮೊದಲ ಐಪ್ಯಾಡ್‌ನ 3ಜಿ ಮಾದರಿಯನ್ನು ವೈ-ಫೈ ಮಾದರಿಯ ಪಕ್ಕದಲ್ಲಿಟ್ಟು ನೋಡಿದವರಿಗೆ ನೆನಪಿರಬಹುದು: ಅದರ ಅಲ್ಯೂಮಿನಿಯಂ ಮೈಯ ಮೇಲ್ತುದಿಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಪಟ್ಟಿಯೊಂದಿತ್ತು. ಅಂದಕ್ಕಾಗಿ ಇಟ್ಟದ್ದಲ್ಲ ಅದು. ತರಂಗಗಳು ಒಳಹೊರಗೆ ಹೋಗಿಬರಲು ಬಿಟ್ಟ ಕಿಟಕಿ.

ಒಮ್ಮೆ ನನ್ನ ಬಳಿಗೆ ಬಂದ ಟ್ಯಾಬ್ಲೆಟ್ ಒಂದರಲ್ಲಿ ಯಾರೋ ಒಂದು ಡಾಂಗಲ್ಲಿನ ಕವಚ ಬಿಚ್ಚಿ, ಒಳಗಿನ ಬೋರ್ಡನ್ನು ಬ್ಯಾಟರಿಯ ಪಕ್ಕದಲ್ಲಿ ತುರುಕಿ, ಚಾರ್ಜಿಂಗ್ ತಂತಿಗೆ ಬೆಸೆದಿದ್ದರು. "ಮೋಡೆಮ್ ಬೋರ್ಡ್ ಕೂರಿಸುವುದು" ಎಂದರೆ ಹೆಚ್ಚಾಗಿ ಇಷ್ಟೆ. ಪರದೆಯ ಹಿಂದಿನ ಲೋಹದ ತಗಡು ಆಂಟೆನಾವನ್ನು ಮುಚ್ಚಿದ್ದರಿಂದ ಅದು ಕಿಟಕಿಯ ಬಳಿ ಮಾತ್ರ ಜಾಲ ಹಿಡಿಯುತ್ತಿತ್ತು. ಬಿಸಿ ಹೊರಹೋಗಲು ದಾರಿಯಿಲ್ಲದೆ ಬ್ಯಾಟರಿ ಉಬ್ಬಿ ಪರದೆಯ ಅಂಟು ಬಿಟ್ಟಿತ್ತು. ಲಿಥಿಯಂ ಬ್ಯಾಟರಿಯ ಪದರ ಸಣ್ಣ ಒತ್ತಡಕ್ಕೂ ಗಾಯಗೊಳ್ಳಬಲ್ಲದು, ಮತ್ತು ಆ ಗಾಯದ ಫಲ ಬೆಂಕಿಯೂ ಆಗಬಹುದು. ಇಷ್ಟಲ್ಲದೆ, ಪ್ರಸರಣ ಮಾಡುವ ಸಾಧನಕ್ಕೆ ಮಾರುಕಟ್ಟೆಗೆ ಬರುವ ಮುನ್ನ ಸಿಗುವ ಅನುಮೋದನೆ ಅದರ ಮೂಲ ರೂಪಕ್ಕೆ ಮಾತ್ರ ಅನ್ವಯಿಸುತ್ತದೆ. ದೇಹಕ್ಕೆ ತಾಗುವ ತರಂಗಶಕ್ತಿ ಮಿತಿಯೊಳಗಿದೆಯೆ ಎಂದು ಅಳೆದಿರುವುದೂ ಆ ರೂಪವನ್ನೇ. ಹಳೆಯ ಫೋನಿನಿಂದ ಕಿತ್ತ ಮೋಡೆಮ್ ಆದರೆ ಅದರ ಐಎಂಇಐ ಕಳವಾದ ಫೋನಿನದೂ ಆಗಿರಬಹುದು, ಅದನ್ನು ತಿದ್ದುವುದು ಅನೇಕ ದೇಶಗಳಲ್ಲಿ ಅಪರಾಧ. ಎಲ್ಲ ಸರಿಯಾಗಿ ನಡೆದರೂ ಖರ್ಚಿನ ಲೆಕ್ಕ ಮೂಗಿಗಿಂತ ಮೂಗುತಿ ಭಾರ ಎಂಬಂತೆಯೇ ಮುಗಿಯುತ್ತದೆ. ಈ ಕೆಲಸಕ್ಕೆ ಒಪ್ಪಬೇಡಿ.

ಇದಕ್ಕೆ ಒಂದು ಪ್ರಾಮಾಣಿಕ ಅಪವಾದವಿದೆ. ಕಚೇರಿ ಬಳಕೆಗೆಂದು ಮಾಡಿದ ಕೆಲವು ವಿಂಡೋಸ್ ಟ್ಯಾಬ್ಲೆಟ್‌ಗಳಲ್ಲಿ ಎಂ.2 ಎಂಬ ಖಾಲಿ ಸ್ಲಾಟ್ ಇದ್ದು, 30×42 ಮಿಲಿಮೀಟರ್ ಅಳತೆಯ ಮೋಡೆಮ್ ಕಾರ್ಡನ್ನು ಅದರಲ್ಲಿ ಕೂರಿಸಬಹುದು. ಆದರೆ ಆಂಟೆನಾಗಳನ್ನು ತಯಾರಕರೇ ಮೊದಲೇ ಹಾಸಿಟ್ಟಿರುವ ಮಾದರಿಯಾಗಿದ್ದರೆ ಮಾತ್ರ ಅದಕ್ಕೆ ಅರ್ಥವಿದೆ. ಸ್ಲಾಟ್ ಇದ್ದು ಆಂಟೆನಾ ತಂತಿಗಳಿಲ್ಲದ ಮಾದರಿಗಳೂ ಇವೆ, ತಯಾರಕರು ಒಪ್ಪಿದ ಕಾರ್ಡ್‌ಗಳನ್ನಲ್ಲದೆ ಬೇರೆಯದನ್ನು ಕಂಡರೆ ಚಾಲೂ ಆಗಲು ನಿರಾಕರಿಸುವ ಮಾದರಿಗಳೂ ಇವೆ. ನಿಮ್ಮ ಆಂಡ್ರಾಯ್ಡ್ ಟ್ಯಾಬ್ಲೆಟ್ ಈ ಗುಂಪಿಗೆ ಸೇರಿದ್ದಲ್ಲ.

ಸಹೋದ್ಯೋಗಿಯ ಇ-ಸಿಮ್ ಸಲಹೆಗೆ ಹೆಚ್ಚು ಮಾತು ಬೇಕಿಲ್ಲ. ಇ-ಸಿಮ್ ಎಂಬುದು ಸಿಮ್ ಕಾರ್ಡಿನ ಬದಲಿಗೆ ಬೋರ್ಡಿನ ಮೇಲೆ ಬೆಸೆದ ಚಿಪ್. ಕ್ಯೂಆರ್ ಕೋಡ್ ಆ ಚಿಪ್‌ಗೆ ಚಂದಾದಾರರ ವಿವರ ತುಂಬುವ ವಿಧಾನ. ಸಿಮ್ ಯಾವ ರೂಪದಲ್ಲಿದ್ದರೂ ಅದು ಗುರುತಿನ ಚೀಟಿ ಮಾತ್ರ, ಮಾತನಾಡುವ ಬಾಯಿ ಮೋಡೆಮ್. ಮೋಡೆಮ್ ಇಲ್ಲದ ಸಾಧನದಲ್ಲಿ ಸ್ಕ್ಯಾನ್ ಮಾಡಿದರೆ ಏನೂ ಆಗುವುದಿಲ್ಲ, ಮತ್ತು ಒಮ್ಮೆ ಮಾತ್ರ ಬಳಸಬಹುದಾದ ಕೋಡ್ ವ್ಯರ್ಥವಾದೀತೆಂಬ ಭಯವಿದ್ದರೆ ಪ್ರಯತ್ನಿಸದಿರುವುದೇ ಮೇಲು. ಯಾವುದೋ ಆ್ಯಪ್ ಹಾಕಿದರೆ ವೈ-ಫೈ ಟ್ಯಾಬ್ಲೆಟ್‌ನಲ್ಲಿ "4ಜಿ ತೆರೆದುಕೊಳ್ಳುತ್ತದೆ" ಎಂಬ ಜಾಹೀರಾತುಗಳದ್ದೂ ಇದೇ ಕಥೆ. ಅಂಥವು ನಿಮ್ಮ ಮಾಹಿತಿಗೆ ಗಾಳ ಹಾಕುವ ಸಾಧ್ಯತೆಯೇ ಹೆಚ್ಚು.

ಈಗ ನಿಮ್ಮ ಡಾಂಗಲ್. ಪೇಟೆಯಲ್ಲಿ ಅದು ನಡೆಯುತ್ತದೆ, ದೂರದಲ್ಲಿ ಆರುತ್ತದೆ, ಆರುವುದೂ ಫೋಟೊ ಕಳುಹಿಸುವಾಗ: ಈ ಮೂರು ವಿವರಗಳನ್ನು ನೀವು ಬರೆದದ್ದರಿಂದ ರೋಗನಿರ್ಣಯ ಸುಲಭವಾಯಿತು. ತಂತ್ರಾಂಶದ ದೋಷವಾಗಿದ್ದರೆ ಅದು ಪೇಟೆಯಲ್ಲಿಯೂ ಕಾಡಬೇಕಿತ್ತು. ಟ್ಯಾಬ್ಲೆಟ್ಟನ್ನು ಎರಡು ಬಾರಿ ರೀಸೆಟ್ ಮಾಡಿದ್ದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಟವರ್ ಹತ್ತಿರವಿದ್ದಾಗ ಮೋಡೆಮ್ ಪಿಸುಗುಟ್ಟಿದರೆ ಸಾಕು; ದೂರವಿದ್ದಾಗ ಕೂಗಬೇಕು. ಎಷ್ಟು ಜೋರಾಗಿ ಮಾತನಾಡಬೇಕೆಂದು ಟವರೇ ಕ್ಷಣಕ್ಷಣಕ್ಕೂ ಆದೇಶ ಕೊಡುತ್ತಿರುತ್ತದೆ. ಸಾಮಾನ್ಯ 4ಜಿ ಸಾಧನವೊಂದು ಗರಿಷ್ಠ 0.2 ವ್ಯಾಟ್‌ನಷ್ಟು ತರಂಗಶಕ್ತಿಯನ್ನು ಹೊರಸೂಸುತ್ತದೆ. ಇದು ಅಲ್ಪವೆಂದು ಕಂಡರೂ, ಆಂಪ್ಲಿಫಯರ್‌ನಲ್ಲಿ ಬಿಸಿಯಾಗಿ ನಷ್ಟವಾಗುವುದು ಮತ್ತು ಉಳಿದ ಚಿಪ್‌ಗಳ ಬಳಕೆ ಸೇರಿ ಡಾಂಗಲ್ ಒಟ್ಟಾರೆ ಅದರ ಹತ್ತು ಪಟ್ಟು ವಿದ್ಯುತ್ತನ್ನು ಎಳೆಯುವುದು ಅಪರೂಪವಲ್ಲ. ಡಾಂಗಲ್ ಹಳೆಯದೆಂದು ಬರೆದಿದ್ದೀರಿ. ಅದು 3ಜಿ ಕಾಲದ್ದಾಗಿದ್ದರೆ ಇನ್ನೂ ಒಂದು ಸಂಗತಿ ಸೇರಿಕೊಳ್ಳುತ್ತದೆ: ಅನೇಕ ಜಾಲಗಳು 3ಜಿಯನ್ನು ನಿಲ್ಲಿಸಿವೆ ಅಥವಾ ಕುಗ್ಗಿಸಿವೆ, ಹಾಗಾಗಿ ಊರ ಹೊರಗೆ ಅದು 2ಜಿಗೆ ಇಳಿಯುತ್ತದೆ. 2ಜಿಯಲ್ಲಿ, 900 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಸಾಧನವೊಂದರ ಗರಿಷ್ಠ ಪ್ರಸರಣ 2 ವ್ಯಾಟ್, ಅಂದರೆ 4ಜಿಯ ಹತ್ತು ಪಟ್ಟು. ಆ ಪ್ರಸರಣ ನಿರಂತರವಾಗಿರದೆ ಸೆಕೆಂಡಿಗೆ ಸುಮಾರು 217 ಬಾರಿ ಚುಟುಕು ಸಿಡಿತಗಳಾಗಿ ಬರುವುದರಿಂದ, ಪ್ರತಿಯೊಂದು ಸಿಡಿತದ ಕ್ಷಣದಲ್ಲಿಯೂ ವಿದ್ಯುತ್ ಬೇಡಿಕೆ ಹಠಾತ್ತನೆ ಏರುತ್ತದೆ.

ಇನ್ನು ಕೊಡುವವರ ಕಡೆ ನೋಡಿ. ಯುಎಸ್‌ಬಿ 2.0 ನಿಯಮದಂತೆ ಕಂಪ್ಯೂಟರಿನ ಪೋರ್ಟ್ ಒದಗಿಸುವ ಮಿತಿ 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್, ಅಂದರೆ 2.5 ವ್ಯಾಟ್. ಒಟಿಜಿ ಮೂಲಕ ಆತಿಥೇಯನಾಗುವ ಕೈಸಾಧನಕ್ಕೆ ಅಷ್ಟನ್ನೂ ಕೊಡಲೇಬೇಕೆಂಬ ನಿರ್ಬಂಧವಿಲ್ಲ. ಕೀಬೋರ್ಡ್ ಅಥವಾ ಪೆನ್‌ಡ್ರೈವ್‌ಗೆ ಸಾಕಾಗುವಷ್ಟು ಕೊಟ್ಟು ಕೈತೊಳೆದುಕೊಳ್ಳುವ ಟ್ಯಾಬ್ಲೆಟ್‌ಗಳು ಬಹಳ. ಬೇಡಿಕೆ ಮಿತಿ ಮೀರಿದೊಡನೆ ವೋಲ್ಟೇಜ್ ಕುಸಿಯುತ್ತದೆ, ಡಾಂಗಲ್ ಸತ್ತು ಮತ್ತೆ ಹುಟ್ಟುತ್ತದೆ, ದೀಪ ಆರಿ ಹೊತ್ತಿಕೊಳ್ಳುತ್ತದೆ. ಫೋಟೊ ಇಳಿಸಿಕೊಳ್ಳುವಾಗ ಹೀಗಾಗದೆ ಕಳುಹಿಸುವಾಗ ಮಾತ್ರ ಆಗುವುದೇಕೆಂದರೆ, ಕಳುಹಿಸುವಾಗಲೇ ಅದು ಎಡೆಬಿಡದೆ ಕೂಗಬೇಕಾಗುವುದು.

ಡಾಂಗಲ್‌ಗೆ ಸಾಕಷ್ಟು ವಿದ್ಯುತ್ ಕೊಡುವ ಟ್ಯಾಬ್ಲೆಟ್ ಆಗಿದ್ದರೂ ಲೆಕ್ಕ ಮುಗಿಯುವುದಿಲ್ಲ. 7,000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 3.7 ವೋಲ್ಟ್‌ನಂತೆ ಸುಮಾರು 26 ವ್ಯಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ. ಡಾಂಗಲ್ 2 ವ್ಯಾಟ್‌ನಂತೆ ಐದು ಗಂಟೆ ಎಳೆದರೆ 10 ವ್ಯಾಟ್-ಗಂಟೆ, 3.7 ವೋಲ್ಟನ್ನು 5ಕ್ಕೆ ಏರಿಸುವಾಗಿನ ನಷ್ಟ ಸೇರಿಸಿದರೆ ಬ್ಯಾಟರಿಯ ಅರ್ಧಕ್ಕೆ ಹತ್ತಿರ. ಹತ್ತು ಗಂಟೆ ಬಾಳುತ್ತಿದ್ದ ಟ್ಯಾಬ್ಲೆಟ್ ಮಧ್ಯಾಹ್ನಕ್ಕೇ ಚಾರ್ಜರ್ ಕೇಳುತ್ತದೆ, ಮತ್ತು ಡಾಂಗಲ್ ಚುಚ್ಚಿರುವಾಗ ಚಾರ್ಜ್ ಆಗದ ಟ್ಯಾಬ್ಲೆಟ್‌ಗಳೇ ಹೆಚ್ಚು. ಟೈಪ್-ಸಿ ಪೋರ್ಟ್ ಇದ್ದು, ಚಾರ್ಜಿಂಗ್ ಮತ್ತು ಡೇಟಾ ಎರಡನ್ನೂ ಒಟ್ಟಿಗೆ ಹಾಯಿಸುವ ಹಬ್ ಅನ್ನು ಟ್ಯಾಬ್ಲೆಟ್ ಒಪ್ಪುವುದಾದರೆ ಪವರ್‌ಬ್ಯಾಂಕಿನಿಂದ ಎರಡಕ್ಕೂ ಉಣಿಸಬಹುದು. ಆದರೆ ಕಟ್ಟಡದಿಂದ ಕಟ್ಟಡಕ್ಕೆ ನಡೆಯುವವರಿಗೆ ಕೈಯಲ್ಲಿ ಟ್ಯಾಬ್ಲೆಟ್, ಅದಕ್ಕೆ ಜೋತುಬಿದ್ದ ಹಬ್, ಹಬ್ಬಿಗೆ ಡಾಂಗಲ್, ಜೇಬಿನಿಂದ ಬರುವ ತಂತಿ, ಇಷ್ಟು ಸಂಸಾರ ಹೊತ್ತು ಏಣಿ ಹತ್ತುವುದು ಕ್ಷೇಮವಲ್ಲ. ಚುಚ್ಚಿದ ಡಾಂಗಲ್‌ಗೆ ಒಮ್ಮೆ ಗೋಡೆ ತಾಗಿದರೆ ಮುರಿಯುವುದು ಡಾಂಗಲ್ ಅಲ್ಲ, ಟ್ಯಾಬ್ಲೆಟ್ಟಿನ ಪೋರ್ಟ್.

ಹೊಸ ಡಾಂಗಲ್ ಕೊಳ್ಳುವ ಯೋಚನೆ ಬಂದರೆ, ಅವುಗಳಲ್ಲಿ ಮೂರು ಜಾತಿಗಳಿವೆ ಎಂಬುದು ತಿಳಿದಿರಲಿ. ಮೊದಲನೆಯದು ಹಳೆಯ ಕಾಲದ ದೂರವಾಣಿ ಮೋಡೆಮ್‌ನಂತೆ ವರ್ತಿಸುತ್ತದೆ: ಚುಚ್ಚಿದಾಗ ಮೊದಲು ಸಿಡಿಯಂತೆ ಕಾಣಿಸಿಕೊಂಡು, ಕಂಪ್ಯೂಟರ್ ಸೂಕ್ತ ಆದೇಶ ಕಳುಹಿಸಿದ ಮೇಲೆ ರೂಪ ಬದಲಿಸಿ, ನಂತರ ಡಯಲ್ ಮಾಡಿಸಿಕೊಳ್ಳುತ್ತದೆ. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಿಗೆ ಸಾಮಾನ್ಯವಾಗಿ ಈ ವಿಧಿವಿಧಾನ ತಿಳಿಯದು. ಎರಡನೆಯದು ತಾನೇ ಒಂದು ಪುಟ್ಟ ರೂಟರ್. ಟ್ಯಾಬ್ಲೆಟ್‌ಗೆ ತಾನು ತಂತಿ ಜಾಲದ ಕಾರ್ಡ್ ಎಂದು ಪರಿಚಯಿಸಿಕೊಳ್ಳುತ್ತದೆ. ನಿಮ್ಮದು ಪೇಟೆಯಲ್ಲಿ ತಂಟೆಯಿಲ್ಲದೆ ನಡೆಯುತ್ತಿರುವುದರಿಂದ ಈ ಜಾತಿಯದೇ ಇರಬೇಕು. ಮೂರನೆಯದು ವೈ-ಫೈ ಡಾಂಗಲ್: ಅದು ಯುಎಸ್‌ಬಿಯಿಂದ ವಿದ್ಯುತ್ತನ್ನು ಮಾತ್ರ ಪಡೆದು, ಇಂಟರ್ನೆಟ್ಟನ್ನು ವೈ-ಫೈ ಮೂಲಕ ಹಂಚುತ್ತದೆ. ಅದಕ್ಕೆ ಟ್ಯಾಬ್ಲೆಟ್ಟಿನ ಪೋರ್ಟ್ ಬೇಕೇ ಇಲ್ಲ, ಪವರ್‌ಬ್ಯಾಂಕಿಗೆ ಚುಚ್ಚಿ ಚೀಲದಲ್ಲಿಟ್ಟರೆ ಆಯಿತು. ನಿಮ್ಮ ಕೆಲಸಕ್ಕೆ ನಾನು ಮೊದಲು ಸೂಚಿಸುವುದು ಇದನ್ನೇ, ಅಥವಾ ಇದೇ ವ್ಯವಸ್ಥೆಯನ್ನು ತನ್ನದೇ ಬ್ಯಾಟರಿಯೊಂದಿಗೆ ಒಂದೇ ಡಬ್ಬಿಯಲ್ಲಿ ಕೊಡುವ, ಜೇಬಿನಲ್ಲಿ ಹಿಡಿಸುವ ಪೋರ್ಟಬಲ್ ರೂಟರನ್ನು. ಫೋನಿನ ಬ್ಯಾಟರಿ ಮುಟ್ಟುವುದಿಲ್ಲ, ಟ್ಯಾಬ್ಲೆಟ್ಟಿನ ಬ್ಯಾಟರಿಯೂ ಎಂದಿನ ವೈ-ಫೈಗಿಂತ ಹೆಚ್ಚು ಸವೆಯುವುದಿಲ್ಲ, ಜೊತೆಗೆ ಬಂದವರ ಸಾಧನಗಳೂ ಅದನ್ನೇ ಬಳಸಬಹುದು. ಇನ್ನೂ ಒಂದು ಲಾಭವನ್ನು ಜನ ಗಮನಿಸುವುದಿಲ್ಲ: ದಪ್ಪ ಗೋಡೆಯ ನೆಲಮಾಳಿಗೆಗೆ ನೀವು ಇಳಿಯುವಾಗ ರೂಟರನ್ನು ಮೇಲಿನ ಕಿಟಕಿಯ ಬಳಿ ಇಟ್ಟು ಹೋಗಬಹುದು. ಟ್ಯಾಬ್ಲೆಟ್ಟಿನೊಳಗೆ ಮೋಡೆಮ್ ಇದ್ದವರಿಗೆ ಈ ಸೌಲಭ್ಯವಿಲ್ಲ.

ಇದರ ಅನಾನುಕೂಲಗಳನ್ನೂ ಹೇಳಬೇಕು. ಇನ್ನೊಂದು ಸಿಮ್, ಇನ್ನೊಂದು ಚಂದಾ, ಪ್ರತಿ ರಾತ್ರಿ ಚಾರ್ಜ್ ಮಾಡಬೇಕಾದ ಇನ್ನೊಂದು ವಸ್ತು. ಕೆಲವು ಪವರ್‌ಬ್ಯಾಂಕ್‌ಗಳು ಎಳೆತ ಕಡಿಮೆಯಾದೊಡನೆ ಕೆಲಸ ಮುಗಿಯಿತೆಂದು ಭಾವಿಸಿ ತಾವೇ ಆರಿಬಿಡುತ್ತವೆ. ಸುಮ್ಮನಿರುವ ವೈ-ಫೈ ಡಾಂಗಲ್‌ಗೆ ಇದರಿಂದ ತೊಂದರೆಯಾಗಬಹುದಾದ್ದರಿಂದ ಒಂದು ಗಂಟೆ ಜೋಡಿಸಿಟ್ಟು ನೋಡಿಯೇ ಪವರ್‌ಬ್ಯಾಂಕ್ ಆರಿಸಿಕೊಳ್ಳಿ. ಪೋರ್ಟಬಲ್ ರೂಟರನ್ನು ಸದಾ ಚಾರ್ಜರ್‌ಗೆ ಸಿಕ್ಕಿಸಿಟ್ಟು ಮನೆಯ ರೂಟರಿನಂತೆ ಬಳಸಿದರೆ ಬ್ಯಾಟರಿ ಉಬ್ಬಬಹುದು. ಕೊಂಡ ದಿನವೇ ವೈ-ಫೈ ಗುಪ್ತಪದವನ್ನೂ ಅದರ ನಿರ್ವಹಣಾ ಪುಟದ ಗುಪ್ತಪದವನ್ನೂ ಬದಲಿಸಿ; ಎರಡನೆಯದನ್ನು ಮರೆಯುವವರೇ ಹೆಚ್ಚು. ಟ್ಯಾಬ್ಲೆಟ್ ಅದನ್ನು ಸಾಧಾರಣ ವೈ-ಫೈ ಎಂದೇ ನಂಬಿ ಹಿನ್ನೆಲೆಯಲ್ಲಿ ಆ್ಯಪ್‌ಗಳ ಪರಿಷ್ಕರಣೆ, ಚಿತ್ರಗಳ ಬ್ಯಾಕಪ್ ಎಲ್ಲವನ್ನೂ ಆರಂಭಿಸುವುದರಿಂದ, ವೈ-ಫೈ ಸೆಟ್ಟಿಂಗ್‌ನಲ್ಲಿ ಆ ಸಂಪರ್ಕವನ್ನು "ಮೀಟರ್ಡ್" (ಮಿತವಾಗಿ ಬಳಸಬೇಕಾದದ್ದು) ಎಂದು ಗುರುತಿಸುವುದನ್ನು ಮರೆಯಬೇಡಿ. ಕೊಳ್ಳುವ ಮುನ್ನ ಅದು ಬೆಂಬಲಿಸುವ ತರಂಗಪಟ್ಟಿಗಳ, ಅಂದರೆ ಬ್ಯಾಂಡ್‌ಗಳ ಪಟ್ಟಿಯನ್ನು ನೀವು ಬಳಸಲಿರುವ ಜಾಲದ ಬ್ಯಾಂಡ್‌ಗಳೊಂದಿಗೆ ಹೋಲಿಸಿ ನೋಡಿ; 700, 850, 900 ಮೆಗಾಹರ್ಟ್ಸ್‌ನಂತಹ ಕೆಳಗಿನ ಬ್ಯಾಂಡ್‌ಗಳು ಊರ ಹೊರಗೂ ಗೋಡೆಗಳ ಒಳಗೂ ತಲುಪುವಂಥವಾದ್ದರಿಂದ ಅವೇ ತಪ್ಪಿಹೋದರೆ ನಿಮಗೆ ನಷ್ಟ.

ಖರ್ಚೇ ಬೇಡವೆಂದಾದರೆ ಫೋನಿನ ಹಾಟ್‌ಸ್ಪಾಟನ್ನೇ ಪಳಗಿಸಬಹುದು. ಅದು ತಪ್ಪುವುದು ಬಹುಮಟ್ಟಿಗೆ ದೋಷದಿಂದಲ್ಲ, ಮಿತವ್ಯಯದಿಂದ. ಪರದೆ ಆರಿದ ಟ್ಯಾಬ್ಲೆಟ್ ವೈ-ಫೈಯನ್ನು ಮಲಗಿಸುತ್ತದೆ. ಯಾರೂ ಸೇರಿಲ್ಲವೆಂದು ಕಂಡ ಫೋನ್ ಕೆಲವು ನಿಮಿಷಗಳ ನಂತರ ಹಾಟ್‌ಸ್ಪಾಟನ್ನು ಆರಿಸುತ್ತದೆ. ನೀವು ಟ್ಯಾಬ್ಲೆಟ್ ಎತ್ತಿಕೊಂಡಾಗ ಅಲ್ಲಿ ಯಾರೂ ಇರುವುದಿಲ್ಲ. ಹಾಟ್‌ಸ್ಪಾಟ್ ತಾನಾಗಿ ಆರುವ ಆಯ್ಕೆಯನ್ನು ಫೋನಿನ ಸೆಟ್ಟಿಂಗ್‌ನಲ್ಲಿ ನಿಲ್ಲಿಸಿದರೆ ಈ ಕಿರಿಕಿರಿ ಹೋಗುತ್ತದೆ, ಆದರೆ ಬ್ಯಾಟರಿ ಇನ್ನಷ್ಟು ಬೇಗ ಮುಗಿಯುತ್ತದೆ, ಏಕೆಂದರೆ ಫೋನ್ ಒಂದೇ ಸಮಯಕ್ಕೆ ಟವರ್‌ನೊಂದಿಗೂ ಟ್ಯಾಬ್ಲೆಟ್‌ನೊಂದಿಗೂ ಮಾತನಾಡುತ್ತಿರಬೇಕು. ಕರೆ ಬಂದಾಗ ಸಂಪರ್ಕ ನಿಂತರೆ, ಫೋನಿನಲ್ಲಿ ವೋಲ್ಟಿ (VoLTE, 4ಜಿ ಜಾಲದಲ್ಲಿಯೇ ಕರೆ ನಡೆಸುವ ವ್ಯವಸ್ಥೆ) ಚಾಲೂ ಇದೆಯೆ ಎಂದು ನೋಡಿ. ಅದಿಲ್ಲದ ಫೋನ್ ಕರೆಗಾಗಿ ಹಳೆಯ ಜಾಲಕ್ಕೆ ಇಳಿಯುತ್ತದೆ. ಹಾಟ್‌ಸ್ಪಾಟ್ ಬಳಕೆಗೆ ಪ್ರತ್ಯೇಕ ಮಿತಿ ಇರುವ ಪ್ಲಾನ್‌ಗಳೂ ಉಂಟು, ನಿಮ್ಮದರ ಷರತ್ತನ್ನೊಮ್ಮೆ ಓದಿಕೊಳ್ಳಿ.

ಬ್ಯಾಟರಿಯ ಚಿಂತೆಗೆ ಬಹುತೇಕರು ಮರೆತಿರುವ ಮದ್ದೊಂದಿದೆ: ಬ್ಲೂಟೂತ್ ಟೆದರಿಂಗ್, ಅಂದರೆ ಫೋನಿನ ಇಂಟರ್ನೆಟ್ಟನ್ನು ವೈ-ಫೈ ಬದಲು ಬ್ಲೂಟೂತ್ ಮೂಲಕ ಹಂಚುವುದು. ಇದರ ಹಿಂದೆ ಒಂದು ಪುಟ್ಟ ಇತಿಹಾಸವೂ ಇದೆ. 2005ರಲ್ಲಿ ನೋಕಿಯಾ 770 ಎಂಬ "ಇಂಟರ್ನೆಟ್ ಟ್ಯಾಬ್ಲೆಟ್" ಬಂದಾಗ ಅದರಲ್ಲಿ ಸಿಮ್‌ಗೆ ಜಾಗವಿರಲಿಲ್ಲ. ವೈ-ಫೈ ಸಿಗದ ಕಡೆ ಜೇಬಿನ ಫೋನನ್ನು ಬ್ಲೂಟೂತ್ ಮೂಲಕ ಮೋಡೆಮ್ ಆಗಿ ಬಳಸುವುದೇ ಅದರ ಕ್ರಮವಾಗಿತ್ತು. 2007ರ ಎನ್800, ಎನ್810 ಮಾದರಿಗಳಲ್ಲಿಯೂ ಅದೇ ಕ್ರಮ ಮುಂದುವರಿಯಿತು. ಸಿಮ್ ಒಳಗೆ ಬಂದದ್ದು 2009ರ ಎನ್900ರಲ್ಲಿ. ಆ ಹೊತ್ತಿಗೆ ಪರದೆ 4.1 ಇಂಚಿನಿಂದ 3.5 ಇಂಚಿಗೆ ಇಳಿದು, ಟ್ಯಾಬ್ಲೆಟ್ ಫೋನಾಗಿಯೇ ಮಾರ್ಪಟ್ಟಿತ್ತು. ನಿಮ್ಮ ಇಂದಿನ ಪ್ರಶ್ನೆಯನ್ನೇ ಆ ಕಾಲದ ಬಳಕೆದಾರರೂ ಕೇಳುತ್ತಿದ್ದರು.

ಬ್ಲೂಟೂತ್‌ನ ವೇಗ ಕಾಗದದ ಮೇಲೆ ಸೆಕೆಂಡಿಗೆ 3 ಮೆಗಾಬಿಟ್. ಕೈಗೆ ಸಿಗುವುದು ಅದರ ಅರ್ಧ ಎಂದುಕೊಳ್ಳಿ. ಅಳತೆಗಳ ನಮೂನೆ ತುಂಬಿ ಕಳುಹಿಸಲು, ಪತ್ರ ನೋಡಲು ಅದು ಧಾರಾಳವಾಯಿತು. ನಾಲ್ಕು ಮೆಗಾಬೈಟ್‌ನ ಒಂದು ಫೋಟೊಗೆ ಇಪ್ಪತ್ತು ಸೆಕೆಂಡಿಗೂ ಸ್ವಲ್ಪ ಹೆಚ್ಚು, ನಲವತ್ತು ಫೋಟೊಗಳಿಗೆ ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಫೋನಿನ ಬ್ಯಾಟರಿಯ ಮೇಲಿನ ಹೊರೆ ಮಾತ್ರ ವೈ-ಫೈ ಹಾಟ್‌ಸ್ಪಾಟ್‌ಗಿಂತ ಎದ್ದುಕಾಣುವಷ್ಟು ಕಡಿಮೆ. ದಿನವಿಡೀ ಬ್ಲೂಟೂತ್ ಇಟ್ಟುಕೊಂಡು, ಫೋಟೊಗಳನ್ನು ಟ್ಯಾಬ್ಲೆಟ್‌ನಲ್ಲಿಯೇ ಉಳಿಸಿ, ಸಿಗ್ನಲ್ ಚೆನ್ನಾಗಿರುವ ಜಾಗದಲ್ಲಿ ಹತ್ತು ನಿಮಿಷ ಹಾಟ್‌ಸ್ಪಾಟ್ ಹಾಕಿ ಒಟ್ಟಿಗೆ ಕಳುಹಿಸುವುದು ನಾನು ಸ್ವತಃ ಅನುಸರಿಸುವ ಕ್ರಮ. ಎಲ್ಲಿ ಕಳುಹಿಸಬೇಕು ಎಂಬುದಕ್ಕೆ ಕಡ್ಡಿಗಳನ್ನು ಎಣಿಸಬೇಡಿ. ಆಂಡ್ರಾಯ್ಡ್ ಫೋನಿನ ಸಿಮ್ ಸ್ಥಿತಿ ಪುಟದಲ್ಲಿ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯಲ್ಲಿ ಇರುತ್ತದೆ. 4ಜಿಯಲ್ಲಿ ಅದು ಮೈನಸ್ 85ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, ಮೈನಸ್ 110ಕ್ಕಿಂತ ಕೆಳಗಿಳಿದರೆ ಕಷ್ಟ. ಹತ್ತು ಅಂಕಿಯ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ, ಆದ್ದರಿಂದ ಕಟ್ಟಡದ ಇನ್ನೊಂದು ಮೂಲೆಗೆ ನಡೆದು ಹೋಗುವುದಕ್ಕೂ ಬೆಲೆಯಿದೆ.

ನಕ್ಷೆಯ ಪ್ರಶ್ನೆಗೆ ಬರುತ್ತೇನೆ. ಜಾಗ ಗುರುತಿಸುವ ಜಿಪಿಎಸ್‌ಗೂ ಸಿಮ್‌ಗೂ ತತ್ತ್ವತಃ ನಂಟಿಲ್ಲ. ಜಿಪಿಎಸ್ ಉಪಗ್ರಹಗಳಿಂದ ಕೇಳಿಸಿಕೊಳ್ಳುತ್ತದೆಯೇ ಹೊರತು ಟವರ್ ಅದಕ್ಕೆ ಅನಿವಾರ್ಯವಲ್ಲ. ಮೇಲೆ ಹೇಳಿದ ಎನ್810ರಲ್ಲಿ ಸಿಮ್ ಇರಲಿಲ್ಲ, ಜಿಪಿಎಸ್ ಇತ್ತು. ಆದರೆ ಮೊಬೈಲ್ ಮೋಡೆಮ್ ಚಿಪ್‌ಗಳ ಜೊತೆಗೆ ಜಿಪಿಎಸ್ ಕೂಡ ಬರುವುದರಿಂದ, ಅನೇಕ ತಯಾರಕರು ವೈ-ಫೈ ಮಾದರಿಯಿಂದ ಎರಡನ್ನೂ ಒಟ್ಟಿಗೇ ಕೈಬಿಡುತ್ತಾರೆ. ಐಪ್ಯಾಡ್‌ನ ವೈ-ಫೈ ಮಾದರಿಗಳಲ್ಲಿ ಜಿಪಿಎಸ್ ಇಲ್ಲದಿರುವುದು ಹೀಗೆಯೇ. ಅಂತಹ ಟ್ಯಾಬ್ಲೆಟ್ ಸುತ್ತಲಿನ ವೈ-ಫೈ ರೂಟರ್‌ಗಳ ಗುರುತನ್ನು ದೊಡ್ಡ ಪಟ್ಟಿಯೊಂದಿಗೆ ತಾಳೆ ನೋಡಿ ತಾನಿರುವ ಜಾಗವನ್ನು ಊಹಿಸುತ್ತದೆ. ಮನೆಗಳೇ ಇಲ್ಲದ ಕಡೆ ತಾಳೆ ನೋಡಲು ಏನೂ ಇರುವುದಿಲ್ಲ. ಆದ್ದರಿಂದ ಹೊರಗಿನಿಂದ ಇಂಟರ್ನೆಟ್ ಕೊಟ್ಟ ಮಾತ್ರಕ್ಕೆ ನಿಮ್ಮ ನಕ್ಷೆ ಸರಿಹೋಗುವುದಿಲ್ಲ. ಊರೂರು ತಿರುಗುವ ಪೋರ್ಟಬಲ್ ರೂಟರ್ ಆ ಊಹೆಯನ್ನು ಕೆಲವೊಮ್ಮೆ ಇನ್ನಷ್ಟು ದಾರಿ ತಪ್ಪಿಸುತ್ತದೆ. ಮೊದಲು ನಿಮ್ಮ ಮಾದರಿಯ ವಿವರಪಟ್ಟಿಯಲ್ಲಿ ಜಿಪಿಎಸ್ ಇದೆಯೆ ಎಂದು ನೋಡಿ. ಇಲ್ಲದಿದ್ದರೆ ಬ್ಲೂಟೂತ್ ಮೂಲಕ ಜೋಡಿಸುವ ಪ್ರತ್ಯೇಕ ಜಿಪಿಎಸ್ ಸಾಧನಗಳು ಸಿಗುತ್ತವೆ. ಅದೂ ಬೇಡವೆಂದರೆ, ಜಾಗದ ಗುರುತು ಬೇಕಾದ ಫೋಟೊಗಳನ್ನು ಫೋನಿನಲ್ಲಿ ತೆಗೆಯಿರಿ, ಅಲ್ಲಿ ಜಿಪಿಎಸ್ ಇದ್ದೇ ಇರುತ್ತದೆ.

ಹೊಸದನ್ನು ಕೊಳ್ಳುವ ಮಾತನ್ನು ನೀವೇ ಬೇಡವೆಂದಿದ್ದೀರಿ. ಟ್ಯಾಬ್ಲೆಟ್ ಚೆನ್ನಾಗಿರುವಾಗ ಆ ನಿಲುವು ಸರಿ. ಮುಂದೊಂದು ದಿನ ಇದರ ಬ್ಯಾಟರಿಯೇ ಸೋತು ಬದಲಿಸಬೇಕಾಗಿ ಬಂದಾಗ ಮಾತ್ರ ಸಿಮ್ ಇರುವ ಮಾದರಿಯನ್ನೇ ಆರಿಸಿಕೊಳ್ಳಿ, ಬ್ಯಾಂಡ್ ಪಟ್ಟಿಯನ್ನು ನೋಡಿಕೊಳ್ಳಿ, ಮತ್ತು ಸಿಮ್ ಇದ್ದರೂ ಕರೆ ಮಾಡಲು ಬಿಡದ ಟ್ಯಾಬ್ಲೆಟ್‌ಗಳಿವೆ ಎಂಬುದು ನೆನಪಿರಲಿ. ಬಳಸಿದ್ದನ್ನು ಕೊಳ್ಳುವುದಾದರೆ ಅದು ಒಂದೇ ಜಾಲಕ್ಕೆ ಬೀಗ ಹಾಕಿದ್ದಲ್ಲ, ಅದರ ಐಎಂಇಐ ನಿರ್ಬಂಧಿತ ಪಟ್ಟಿಯಲ್ಲಿಲ್ಲ ಎಂಬ ಎರಡನ್ನೂ ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಿ.

ನಿಮ್ಮ ಹಳೆಯ ಡಾಂಗಲ್ಲನ್ನು ಎಸೆಯುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಪ್ರತ್ಯೇಕವಾಗಿ ವಿದ್ಯುತ್ ಪಡೆಯುವ ಯುಎಸ್‌ಬಿ ಹಬ್ ಅಥವಾ ಎರಡು ಬಾಲದ ವೈ-ಕೇಬಲ್ ಒಂದನ್ನು ಯಾರಿಂದಲಾದರೂ ಎರವಲು ಪಡೆದು, ವಿದ್ಯುತ್ತಿನ ಬಾಲವನ್ನು ಪವರ್‌ಬ್ಯಾಂಕಿಗೆ ಸಿಕ್ಕಿಸಿ, ಡಾಂಗಲ್ ಆರುತ್ತಿದ್ದ ಅದೇ ಕಟ್ಟಡದ ಬಳಿ ಅದೇ ಫೋಟೊಗಳನ್ನು ಕಳುಹಿಸಿ. ದೀಪ ಆರದಿದ್ದರೆ ಕಾರಣ ವಿದ್ಯುತ್ತೇ ಎಂದು ಖಚಿತವಾಯಿತು. ಆಗ ಕಾರಿನೊಳಗೆ ಕುಳಿತು ಕೆಲಸ ಮಾಡುವಾಗ ಈ ಜೋಡಣೆಯನ್ನೇ ಮುಂದುವರಿಸಬಹುದು. ಆಗಲೂ ಆರಿದರೆ ದೋಷ ಡಾಂಗಲ್‌ನದೇ, ಅದಕ್ಕಾಗಿ ಇನ್ನು ಟ್ಯಾಬ್ಲೆಟ್ಟನ್ನು ರೀಸೆಟ್ ಮಾಡಬೇಕಾಗಿಲ್ಲ.